ಬಕೆಟ್‌ನಲ್ಲಿ ತೊಳೆದ ರಾಕೆಟ್‌ಗಳು

ಕೋವಿಡ್‌ನ ಕಾಟ ಮುಗಿದ ಮೇಲಿನ ಎರಡನೆಯ ಚಳಿಗಾಲ. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿಗೆ ನಾನು ಅಧಿಕೃತ ಸ್ಟ್ರಿಂಗರ್ ಆಗಿದ್ದೆ. ಸ್ಟ್ರಿಂಗರ್ ಎಂದರೆ ರಾಕೆಟ್‌ಗೆ ತಂತಿ ಬಿಗಿಯುವವನು. ಪುಲಿಕೇಶಿನಗರದ ನನ್ನ ಪುಟ್ಟ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ. ಗೆದ್ದಾಗ ಆಟಗಾರರ ಹೆಸರು ಪೇಪರಿನಲ್ಲಿ ಬರುತ್ತದೆ. ನಮ್ಮ ಹೆಸರು ನೆನಪಾಗುವುದು ತಂತಿ ಹರಿದಾಗ. ಇದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಸ್ವಲ್ಪ ಇದೆ, ಸುಳ್ಳೇಕೆ.

ಆ ಭಾನುವಾರ ಫೈನಲ್ ಆಡಬೇಕಿದ್ದವಳು ನಮ್ಮ ಕಗ್ಗದಾಸಪುರದ ಪವಿತ್ರಾ. ಹನ್ನೊಂದು ವರ್ಷದವಳಿದ್ದಾಗಿನಿಂದ ಅವಳ ರಾಕೆಟ್‌ಗೆ ತಂತಿ ಹಾಕಿದವನು ನಾನೇ. ಆ ಹೊತ್ತಿಗೆ ಅವಳು ರಾಷ್ಟ್ರೀಯ ಚಾಂಪಿಯನ್. ಹೊರದೇಶಗಳಲ್ಲಿ ಆರು ಟೂರ್ನಿ ಗೆದ್ದಿದ್ದಳು. ಬೆಂಗಳೂರಿನಲ್ಲಿ ಮಾತ್ರ ಎರಡು ಸಲ ಫೈನಲ್ ತಲುಪಿ ಎರಡೂ ಸಲ ಸೋತಿದ್ದಳು. ಅವಳ ಅಪ್ಪ ಮುನಿರಾಜಪ್ಪ ಕಣ್ಣಾರೆ ನೋಡಿದ್ದು ಆ ಎರಡು ಫೈನಲ್‌ಗಳನ್ನೇ. ಒಂದು ಕಾಲದಲ್ಲಿ ಕಗ್ಗದಾಸಪುರದಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಬಾಡಿಗೆ ಮನೆಗಳಿವೆ, ನೀರಿನ ಟ್ಯಾಂಕರ್ ಇದೆ.

"ನನ್ನ ಕಾಲ್ಗುಣಾನೇ ಸರಿ ಇಲ್ಲ ಸೆಲ್ವ ಸಾರ್. ಈ ಸಲಾನೂ ಸೋತ್ರೆ ಇನ್ನು ಅವ್ಳ ಮ್ಯಾಚ್ ಕಡೆ ತಲೆ ಹಾಕಲ್ಲ," ಎಂದು ಶನಿವಾರ ನನ್ನ ಬಳಿ ಹೇಳಿದ್ದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಅಂದು ಸಂಜೆಯೇ ಪವಿತ್ರಾಳ ನಾಲ್ಕೂ ರಾಕೆಟ್‌ಗಳಿಗೆ ಹೊಸ ತಂತಿ ಹಾಕಿ ಕೊಟ್ಟೆ. ಉದ್ದಕ್ಕೆ ನ್ಯಾಚುರಲ್ ಗಟ್, 52 ಪೌಂಡ್ ಬಿಗಿತ. ಅಡ್ಡಕ್ಕೆ ಪಾಲಿಯೆಸ್ಟರ್, 50 ಪೌಂಡ್. ಪ್ರತಿ ಆಟಗಾರರ ಲೆಕ್ಕವನ್ನೂ ಒಂದೊಂದು ಕಾರ್ಡಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಗಟ್ ಎಂದರೆ ಪ್ರಾಣಿಯ ಕರುಳಿನಿಂದ ಮಾಡಿದ ತಂತಿ. ಅಷ್ಟು ಹಿತವಾಗಿ ಚೆಂಡನ್ನು ಕಳಿಸುವ ತಂತಿ ಬೇರೊಂದಿಲ್ಲ, ಆದರೆ ಅದಕ್ಕೆ ನೀರು ಆಗಿಬರುವುದಿಲ್ಲ. ನೆನೆದರೆ ಉಬ್ಬಿ, ಎಳೆ ಬಿಟ್ಟು, ಬಿಗಿತ ಕಳೆದುಕೊಳ್ಳುತ್ತದೆ.

ಭಾನುವಾರ ಎರಡು ಗಂಟೆಗೆ ಫೈನಲ್. ಹನ್ನೆರಡಕ್ಕೆ ಪವಿತ್ರಾ ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು ಕೋರ್ಟಿನ ಪಕ್ಕದ ನನ್ನ ಟೆಂಟಿಗೆ ಓಡಿಬಂದಳು.

"ಅಂಕಲ್, ಏನಾಗಿದೆ ನೋಡಿ. ಬಾಲ್ ಎಲ್ಲೆಲ್ಲಿಗೋ ಹೋಗ್ತಿದೆ. ನಾಲ್ಕೂ ಹಂಗೇ!"

ತಂತಿಯ ಮೇಲೆ ಬೆರಳಾಡಿಸಿದೆ. ಗಟ್ ಹಳೆಯ ಗೋಣಿಯ ದಾರದಂತೆ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ಚೌಕಟ್ಟಿನ ತೂತುಗಳ ಸಂದಿಯಲ್ಲಿ ಅರಿಶಿನ ಮೆತ್ತಿತ್ತು. ಅವಳ ಹಿಂದೆಯೇ ಬಂದ ಮುನಿರಾಜಪ್ಪನವರ ಕೈಯ ಚೀಲದಲ್ಲಿ ಒಡೆದ ತೆಂಗಿನಕಾಯಿ ಕಾಣುತ್ತಿತ್ತು. ನನ್ನ ಮುಖ ನೋಡಿದ್ದೇ ಅವರ ಮುಖ ಇಳಿದುಹೋಯಿತು.

"ಬೆಳಿಗ್ಗೆ ಒಂಚೂರು ಪೂಜೆ ಮಾಡಿದ್ದೆ ಸಾರ್. ಟ್ಯಾಂಕರ್‌ಗೆ ಮಾಡ್ತೀವಿ, ಬ್ಯಾಟಿಗೆ ಮಾಡ್ಬಾರ್ದಾ? ಆಮೇಲೆ ಕುಂಕುಮ ನೋಡಿ ಇವ್ಳು ಬೈತಾಳೆ ಅಂತ ನಾಲ್ಕನ್ನೂ ಬಕೆಟ್‌ನಲ್ಲಿ ಅದ್ದಿ ತೊಳ್ದ್‌ಬಿಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದುಬಿಡುವವನಿದ್ದೆ. ಅಷ್ಟರಲ್ಲಿ ಅವರೇ, "ನಾನು ಮನೆಗೆ ಹೋಗ್ತೀನಿ, ಇಲ್ಲಿದ್ರೆ ಇನ್ನೇನ್ ಹಾಳು ಮಾಡ್ತೀನೋ," ಎಂದು ಹೊರಟೇಬಿಟ್ಟರು.

ಪವಿತ್ರಾ ಅವರ ತೋಳು ಹಿಡಿದಳು. "ನೀನ್ ಹೋದ್ರೆ ನಾನೂ ಆಡಲ್ಲಪ್ಪ. ಅಂಕಲ್ ಪಕ್ಕ ಕೂತ್ಕೋ."

ಅವಳ ಗಟ್ ಬರುತ್ತಿದ್ದುದು ವಿದೇಶದಿಂದ. ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದುದು ಒಂದೇ ಪೊಟ್ಟಣ, ಅದೂ ಹಿಂದಿನ ವರ್ಷದ್ದು. ಎರಡಾಗಿ ಕತ್ತರಿಸಿದರೆ ಎರಡು ರಾಕೆಟ್‌ಗಳ ಉದ್ದದ ತಂತಿಗೆ ಸಾಕು. ಒಂದೊಂದಕ್ಕೂ ಅರ್ಧ ಗಂಟೆ ಬೇಕು. ಹೇಗೋ ಮೂರನೆಯದಕ್ಕೂ ಸಮಯವಿತ್ತು, ಗಟ್ ಇರಲಿಲ್ಲ. ಅವಳ ಕಾರ್ಡನ್ನು ತೆಗೆದು ಮೊದಲ ಸಾಲು ನೋಡಿದೆ. ಹನ್ನೊಂದನೆಯ ವಯಸ್ಸಿನಲ್ಲಿ ಅವಳು ಆಡುತ್ತಿದ್ದದ್ದು ಸಾದಾ ನೈಲಾನ್, 48 ಪೌಂಡ್. ಮೂರನೆಯ ರಾಕೆಟ್‌ಗೆ ಅದನ್ನೇ ಬಿಗಿದೆ. ಮುನಿರಾಜಪ್ಪ ಚೌಕಟ್ಟುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಕೊಟ್ಟರು. ನೀರಿನ ಬಾಟಲಿಯನ್ನು ನಾನು ಅವರ ಕೈಗೆ ಸಿಗದಷ್ಟು ದೂರ ಇಟ್ಟಿದ್ದೆ.

ಎದುರಾಳಿ ಯುರೋಪಿನ ಆರಡಿ ಎತ್ತರದ ಹುಡುಗಿ. ಮೊದಲ ಸೆಟ್ ಪವಿತ್ರಾಳದು, 6-4. ಎರಡನೆಯದರಲ್ಲಿ ಒಂದು ಗಟ್ ಹರಿಯಿತು. ಸೆಟ್ಟೂ ಹೋಯಿತು, 3-6. ಮೂರನೆಯದು 5-5 ಇದ್ದಾಗ ಇನ್ನೊಂದೂ ಪಟ್ಟೆಂದಿತು. ಹಳೆಯ ಪೊಟ್ಟಣ, ತಪ್ಪು ನನ್ನದೇ. ಟೆಂಟಿನ ಬಲೆಯ ಹಿಂದೆ ನನ್ನ ಪಕ್ಕ ಕೂತಿದ್ದ ಮುನಿರಾಜಪ್ಪ ಎದ್ದು ನಿಂತು ಬಾಗಿಲ ಕಡೆ ನೋಡಿದರು. ಅವರ ಅಂಗಿ ಹಿಡಿದು ಎಳೆದು ಕೂರಿಸಿದೆ.

ಪವಿತ್ರಾ ನೈಲಾನ್ ರಾಕೆಟ್ ತೆಗೆದುಕೊಂಡು ತಂತಿಯನ್ನು ಅಂಗೈಗೆ ಬಡಿದುಕೊಂಡಳು. ನಮ್ಮ ಕಡೆ ತಿರುಗಿ ನಕ್ಕಳು. ಹಳೆಯ ತಂತಿಯ ಗುರುತು ಸಿಕ್ಕಿತ್ತು! ಇದರಲ್ಲಿ ಬೀಸಿ ಹೊಡೆದರೆ ಚೆಂಡು ಆಚೆ ಹೋಗುತ್ತದೆ ಎಂದು ಅವಳ ಕೈಗೆ ಹನ್ನೊಂದನೆಯ ವಯಸ್ಸಿನಿಂದಲೇ ಗೊತ್ತು. ಜೋರಾಗಿ ಹೊಡೆಯುವುದನ್ನೇ ಬಿಟ್ಟಳು. ನಿಧಾನದ ಹೊಡೆತ, ಎತ್ತರದ ಚೆಂಡು, ನೆಟ್ ದಾಟಿದ್ದೇ ಬಿದ್ದುಹೋಗುವ ಡ್ರಾಪ್ ಶಾಟ್. ಅಷ್ಟು ಹೊತ್ತು ಬಿರುಸಾಗಿ ಬರುತ್ತಿದ್ದ ಚೆಂಡಿಗೆ ಒಗ್ಗಿದ್ದ ಎದುರಾಳಿ ತಬ್ಬಿಬ್ಬಾದಳು. 6-5. ಹತ್ತೇ ನಿಮಿಷದಲ್ಲಿ 7-5.

ಮುನಿರಾಜಪ್ಪ ಕೂಗಿದ ಕೂಗು ಶಿವಾಜಿನಗರಕ್ಕೆ ಕೇಳಿಸಿರಬೇಕು. ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಪವಿತ್ರಾ ಕಪ್ ತಂದು ಅಪ್ಪನ ಕೈಗಿಟ್ಟು, "ಇದನ್ನ ಎಷ್ಟು ಬೇಕಾದ್ರೂ ತೊಳ್ಕೋ," ಎಂದಳು.

ಅದುವರೆಗೆ ನಾನು ಆಟಗಾರರನ್ನು ಎಷ್ಟು ಪೌಂಡ್ ಎಂದು ಕೇಳುತ್ತಿದ್ದೆನೇ ಹೊರತು, ರಾಕೆಟ್ ಮನೆಗೆ ಹೋದ ಮೇಲೆ ಏನಾಗುತ್ತದೆಂದು ಕೇಳಿದವನಲ್ಲ. ಅದನ್ನು ಕೇಳುವುದೂ ನನ್ನ ಕೆಲಸವೇ ಎಂದು ಆ ದಿನ ಕಲಿತೆ. ಪವಿತ್ರಾಳ ಕಾರ್ಡಿನಲ್ಲಿ ಈಗ 52, 50ರ ಕೆಳಗೆ ಇನ್ನೊಂದು ಸಾಲಿದೆ: "ಪೂಜೆ ಮೊದಲು, ತಂತಿ ಆಮೇಲೆ." ಅವಳು ದೊಡ್ಡ ಟೂರ್ನಿಗೆ ಹೊರಡುವ ಮುನ್ನ ಮುನಿರಾಜಪ್ಪ ತಂತಿಯಿಲ್ಲದ ಬರೀ ಚೌಕಟ್ಟುಗಳಿಗೆ ಕುಂಕುಮ ಹಚ್ಚಿ, ಸ್ಕೂಟರಿನಲ್ಲಿ ನನ್ನ ಅಂಗಡಿಗೆ ತರುತ್ತಾರೆ. ಜೊತೆಗೆ ಅರ್ಧ ಹೋಳು ಕಾಯಿ ನನ್ನ ಪಾಲಿಗೆ. ಆ ದಿನ ನಮ್ಮ ಮನೆಯಲ್ಲಿ ಕಾಯಿಚಟ್ನಿ.