ಹಿಂದಿನ ಸೀಟಿನಲ್ಲಿ ಕೂತವರು ಎಷ್ಟನೆಯವರು?

ಪ್ರತಿ ವರ್ಷ ಸ್ಕೂಟರಿನ ಸೀಟಿನಡಿ ಮಡಚಿಟ್ಟು ಮರೆಯುವ ಕಾಗದವೊಂದನ್ನು ಮೊನ್ನೆ ಬಿಡಿಸಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಓದುತ್ತಾ ಓದುತ್ತಾ ಚಹಾ ಆರಿಹೋಯಿತು, ಅನ್ನ ಆರಿಹೋಯಿತು. ಅದು ನನ್ನ ಗಾಡಿಯ ವಿಮಾ ಪಾಲಿಸಿ. ನಗುವ ಮೊದಲು ನೀವೊಂದು ಪ್ರಶ್ನೆಗೆ ಉತ್ತರ ಕೊಡಿ: ನಿಮ್ಮ ಗಾಡಿಯ ಪಾಲಿಸಿ ನೀವು ಓದಿದ್ದೀರಾ? ಇಲ್ಲ ತಾನೆ? ಪೊಲೀಸರು ಕೈ ತೋರಿಸಿದಾಗ ತೆಗೆದು ತೋರಿಸುವುದಕ್ಕೆ ಇರುವ ವಸ್ತು ಅದು ಎಂದೇ ನಾನೂ ತಿಳಿದಿದ್ದೆ. ಅದರೊಳಗೆ ಇಷ್ಟು ತಿರುವುಗಳು, ಇಷ್ಟು ಬಲೆಗಳು, ಒಂದು ವಾಕ್ಯದಲ್ಲಿ ಕೊಟ್ಟು ಮುಂದಿನ ವಾಕ್ಯದಲ್ಲಿ ಕಸಿದುಕೊಳ್ಳುವ ಇಷ್ಟು ಚಮತ್ಕಾರ ಇರುತ್ತದೆಂದು ಯಾರಾದರೂ ಹೇಳಿದ್ದರೆ ಎಂದೋ ಓದಿಬಿಡುತ್ತಿದ್ದೆ.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಚೀಟಿಯಲ್ಲಿ ‘ಪರ’ ಎಂದು ಬಂದರೆ ಪರ, ‘ವಿರೋಧ’ ಎಂದು ಬಂದರೆ ವಿರೋಧ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಮೊಬೈಲನ್ನು ಹೊಗಳಿ, ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ಅದೇ ಮೊಬೈಲಿನ ಚರ್ಮ ಸುಲಿದು, ಎರಡೂ ಕಡೆ ಕಪ್ಪು ಗೆದ್ದು ಬಂದಿದ್ದೇನೆ. ಆ ಕಪ್ಪುಗಳಲ್ಲಿ ಅಮ್ಮ ಈಗ ಬಣ್ಣವಾರು ಮಣಿಗಳನ್ನು ತುಂಬಿಟ್ಟಿದ್ದಾಳೆ. ಅವಳು ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿಗಿಂತ ಸೀರೆಗಳೇ ಹೆಚ್ಚು. ಪ್ರತಿ ಶುಕ್ರವಾರ, ಕಟ್ಟಿ ಮುಗಿಸಿದ ಸೀರೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಒಂದು ಕೈ ನನ್ನ ಭುಜದ ಮೇಲಿಟ್ಟು ನನ್ನ ಸ್ಕೂಟರಿನ ಹಿಂದೆ ಕೂರುತ್ತಾಳೆ. ಹರಿಹರದ ಸೀರೆ ಅಂಗಡಿಗೆ ಅವನ್ನು ಒಪ್ಪಿಸಿ, ಹೊಸ ಸೀರೆ ತರುವುದು ನಮ್ಮ ವಾರದ ಪ್ರಯಾಣ.

ಹೋದ ಸೋಮವಾರ ಹಿಂದಿನ ಕ್ರಾಸಿನ ಶಿವಮೂರ್ತಪ್ಪನವರು ಬಂದರು. ಇವರು ವಿಮಾ ಏಜೆಂಟರು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಮುಖದಲ್ಲಿ ಎಷ್ಟು ಬಾಗಿಲು ಮುಚ್ಚಿದರೂ ಮಾಸದ ನಗು. ನನ್ನ ಪಾಲಿಸಿ ಗುರುವಾರಕ್ಕೆ ಮುಗಿಯುತ್ತಿತ್ತು.

“ಈ ಸಲನಾದ್ರೂ ಫುಲ್ ಇನ್ಶೂರೆನ್ಸ್ ಮಾಡ್ಸವ್ವ ವಕೀಲಮ್ಮ,” ಎಂದರು. ನಾನು ವಕೀಲೆ ಅಲ್ಲ. ಅವರ ಬಾಯಲ್ಲಿ ಅದು ಬಿರುದೂ ಹೌದು, ಬೈಗುಳವೂ ಹೌದು.

ನಾನು ಎದ್ದು ನಿಂತೆ. ಕೂತು ವಾದಿಸುವುದು ನನಗೆ ಬರುವುದಿಲ್ಲ. ವಾಹನ ವಿಮೆಯಲ್ಲಿ ಮುಖ್ಯವಾಗಿ ಇರುವುದು ಎರಡು ಎಂದು ಬೆರಳು ಮಡಚಿದೆ. ಒಂದು ಥರ್ಡ್ ಪಾರ್ಟಿ: ನನ್ನ ಗಾಡಿಯಿಂದ ಬೇರೆಯವರಿಗೆ ಏಟಾದರೆ, ಅವರ ವಸ್ತು ಹಾಳಾದರೆ, ಕಂಪನಿ ನನ್ನ ಪರವಾಗಿ ಪರಿಹಾರ ಕೊಡುತ್ತದೆ. ಇದು ಕಾನೂನಿನ ಕಡ್ಡಾಯ, ಇದನ್ನು ಪ್ರತಿ ವರ್ಷ ತಪ್ಪದೆ ಮಾಡಿಸುತ್ತೇನೆ. ಇನ್ನೊಂದು, ನನ್ನ ಗಾಡಿಗೇ ಆಗುವ ಹಾನಿಯದು: ಕಳುವು, ಬೆಂಕಿ, ನೆರೆ, ಡಿಕ್ಕಿ. ಇವೆರಡನ್ನೂ ಕೂಡಿಸಿದ್ದಕ್ಕೆ ಜನ ಫುಲ್ ಇನ್ಶೂರೆನ್ಸ್ ಎನ್ನುತ್ತಾರೆ, ಕಾಗದದಲ್ಲಿ ಪ್ಯಾಕೇಜ್ ಪಾಲಿಸಿ ಎಂದಿರುತ್ತದೆ. “ಏಳು ವರ್ಷದ ಸ್ಕೂಟರು ಮಾವ. ಇದನ್ನು ಕದಿಯುವ ಕಳ್ಳನಿಗೆ ನಾನೇ ಸಮಾಧಾನ ಹೇಳಬೇಕಾಗುತ್ತೆ. ಕಡ್ಡಾಯದ್ದು ಸಾಕು. ಉಳಿದದ್ದು ಭಯದ ವ್ಯಾಪಾರ!”

ಶಿವಮೂರ್ತಪ್ಪನವರು ಫೈಲನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಸರಿಸಿದರು. ಗೆಲುವು ಹತ್ತಿರ ಬಂದದ್ದು ನನಗೆ ಗೊತ್ತಾಗುವುದು ಹೀಗೆಯೇ. ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಗೆಲ್ಲುತ್ತಿರುವಾಗ ಇನ್ನೊಂದು ಮಾತು ಹೆಚ್ಚಿಗೆ ಆಡುವುದು ನನ್ನ ಹಳೇ ಕಾಯಿಲೆ. “ಈ ಥರ್ಡ್ ಪಾರ್ಟಿ ಎನ್ನುವುದು ಎಂಥಾ ಉದಾರ ಕಲ್ಪನೆ ನೋಡಿ. ಮೊದಲನೆಯವಳು ನಾನು. ಎರಡನೆಯದು ಕಂಪನಿ. ಮೂರನೆಯವರು ಅಂದರೆ ಉಳಿದ ಜಗತ್ತು!” ಎಂದು ಕೈ ಚಾಚಿದೆ.

ಮೂಲೆಯಲ್ಲಿ ಅಮ್ಮ ಮೆರೂನ್ ಬಣ್ಣದ ದಾರಕ್ಕೆ ಗಂಟು ಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಹಂಗಾದ್ರೆ ನಾನು ಎಷ್ಟನೇದವಳವ್ವ?”

“ನೀನು ಮೂರನೇದವಳೇ ಅಮ್ಮ. ಉಳಿದ ಜಗತ್ತಿನಲ್ಲಿ ನೀನೂ ಇದ್ದೀಯಲ್ಲ.”

ಶಿವಮೂರ್ತಪ್ಪನವರು ಕೆಮ್ಮಿದರು. “ಇಲ್ರಿ ಅಕ್ಕಾರ. ನೀವು ಅದ್ರಾಗೆ ಬರಲ್ಲ. ರಸ್ತ್ಯಾಗೆ ನಿಂತಿದ್ರೆ ಬರ್ತೀರಿ. ಇವಳ ಗಾಡಿ ಹಿಂದೆ ಕೂತ್ರೆ ಬರಲ್ಲ.”

“ಎಲ್ಲಿ ಬರೆದಿದೆ?” ಎಂದೆ. ಎದುರಾಳಿಯನ್ನು ಮುಗಿಸಲು ಇದಕ್ಕಿಂತ ಚಿಕ್ಕ ಆಯುಧವಿಲ್ಲ.

“ಎಲ್ಲಿ ಬರ್ದೈತೆ ಗೊತ್ತಿಲ್ಲವ್ವ, ಆದ್ರೆ ಬರಲ್ಲ,” ಎಂದು ಅವರು ಎದ್ದರು.

ಹೀಗಾಗಿಯೇ ನಾನು ಪಾಲಿಸಿ ಓದಿದ್ದು, ಅವರನ್ನು ಸುಳ್ಳು ಮಾಡುವುದಕ್ಕೆ. ಕಾಗದದಲ್ಲಿದ್ದದ್ದು ಸಾಲದೆ, ಕಂಪನಿಯ ಪೂರ್ತಿ ನಿಯಮಾವಳಿಯನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಓದಿದೆ. ಅದೂ ಸಾಲದೆ ಹಳೆಯ ತೀರ್ಪುಗಳ ಬಗ್ಗೆ ಬರೆದದ್ದನ್ನೂ ಓದಿದೆ. ಓದಿದಂತೆ ನನಗೆ ರೋಮಾಂಚನ! ಈ ಹಿಂದಿನ ಸೀಟಿನ ಪ್ರಶ್ನೆಯನ್ನು ಕೋರ್ಟುಗಳಲ್ಲಿ ವರ್ಷಗಟ್ಟಲೆ ಜಗ್ಗಾಡಿದ್ದಾರೆ. ತಾತ್ಪರ್ಯ ಇಷ್ಟು: ಕಡ್ಡಾಯದ ಪಾಲಿಸಿಯೊಂದೇ ಇದ್ದರೆ, ನನ್ನ ತಪ್ಪಿನಿಂದ ಗಾಡಿ ಬಿದ್ದು ಹಿಂದೆ ಕೂತವರಿಗೆ ಏಟಾದಾಗ ಕಂಪನಿ ಕೈಯೆತ್ತಬಹುದು. ಬೇರೆ ಗಾಡಿಯವನು ಬಂದು ಗುದ್ದಿದರೆ ಅವನ ಪಾಲಿಸಿಗೆ ಅಮ್ಮ ಮೂರನೆಯವಳೇ. ಅಂದರೆ ಜಗತ್ತಿನ ಎಲ್ಲ ಲಾರಿ, ಬಸ್ಸು, ಕಾರು, ಆಟೋಗಳ ಲೆಕ್ಕದಲ್ಲಿ ನಮ್ಮಮ್ಮ ಇದ್ದಾಳೆ. ಸ್ವಂತ ಮಗಳ ಸ್ಕೂಟರಿನ ಲೆಕ್ಕದಲ್ಲಿ ಮಾತ್ರ ಇಲ್ಲ.

ಇನ್ನೊಂದು ಕಲಂ ನನ್ನನ್ನು ಇನ್ನಷ್ಟು ಚುಚ್ಚಿತು. ಗಾಡಿಯ ಮಾಲೀಕರಿಗೆ ವೈಯಕ್ತಿಕ ಅಪಘಾತ ವಿಮೆ ಅಂತ ಒಂದಿದೆ. ಪ್ರಾಣ ಹೋದರೆ, ಕೈಕಾಲು ಹೋದರೆ ಅದರಿಂದ ಹಣ ಬರುತ್ತದೆ. ಅದು ನನಗೆ ಇತ್ತು. ಕಡ್ಡಾಯ ಅಂತ ಯಾವಾಗಲೋ ಗುರುತು ಹಾಕಿದ್ದೆ. ದಿನವಿಡೀ ಬಾಯಿ ದುಡಿಸುವ ನನ್ನ ಕೈಗಳಿಗೆ ವಿಮೆ ಇದೆ. ಹತ್ತು ಬೆರಳು ದುಡಿಸಿ ಬದುಕುವ ಅಮ್ಮನ ಕೈಗಳಿಗೆ ಇಲ್ಲ. ಹರಿಹರದ ದಾರಿಯಲ್ಲಿ ಎಷ್ಟು ಕಡೆ ಜಲ್ಲಿ ಚೆಲ್ಲಿರುತ್ತದೆ, ನಾನು ಎಷ್ಟು ಸಲ ಅದರ ಮೇಲೆ ಬ್ರೇಕು ಒತ್ತಿದ್ದೇನೆ ಎಂದು ಲೆಕ್ಕ ಹಾಕತೊಡಗಿದಾಗಲೇ ನನ್ನ ಅನ್ನ ಆರಿದ್ದು.

ಕಾನೂನು ಮಾಡಿದವರನ್ನು ಬೈಯಬೇಕೆನ್ನಿಸಿತು, ಬೈದೆ. ಆಮೇಲೆ ಅಭ್ಯಾಸಬಲದಿಂದ ಚೀಟಿ ತಿರುಗಿಸಿ ಅವರ ಪರವಾಗಿಯೂ ವಾದಿಸಿ ನೋಡಿದೆ. ದಾರಿಹೋಕನ ಬಗ್ಗೆ ನಾವು ಯೋಚಿಸುವುದಿಲ್ಲ. ಅವನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಹಾಗಾಗಿ ಕಾನೂನು ನಮ್ಮ ಕಿವಿ ಹಿಂಡಿ, ಮೊದಲು ಅವನ ವ್ಯವಸ್ಥೆ ಮಾಡು, ಆಮೇಲೆ ಗಾಡಿ ತೆಗೆ ಎನ್ನುತ್ತದೆ. ಎಷ್ಟು ಸುಂದರ ಯೋಚನೆ! ಹಿಂದೆ ಕೂತವರ ವಿಷಯ ಹಾಗಲ್ಲ. ಅವರು ನಮ್ಮವರು, ಅವರ ಬಗ್ಗೆ ಯೋಚಿಸಲು ಬಲವಂತ ಬೇಕಿಲ್ಲ ಎಂದು ಅದು ನಂಬಿರಬೇಕು. ನಂಬಿಕೆಯಲ್ಲಿ ದೋಷವಿರಲಿಲ್ಲ. ನನ್ನಂಥ ಮಗಳೊಬ್ಬಳು ಇರಬಹುದು ಎಂದು ಅವರು ಊಹಿಸಿರಲಿಲ್ಲ, ಅಷ್ಟೆ.

ಮಂಗಳವಾರ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ದಾರ ಕತ್ತರಿಸಿ, ಕತ್ತರಿ ಕೆಳಗಿಟ್ಟಳು.

“ಲಾರಿಯವ್ರಿಗೆ ನಾನು ಬೇಕು, ನಿನಗೆ ಬ್ಯಾಡ. ಆತು ಬಿಡು. ಶುಕ್ರವಾರ ನಾನು ಬಸ್ಸಿಗೆ ಹೋಗ್ತೀನಿ.”

“ಬಸ್ಸಿನಲ್ಲಿ ಕುಚ್ಚು ಸಿಕ್ಕು ಆಗುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ?”

“ಸಿಕ್ಕು ಬಿಡಿಸ್ಕೊಂತೀನಿ. ಬೆರಳು ಮುರುದ್ರೆ ಬಿಡ್ಸಾಕೂ ಆಗಲ್ಲ, ಕಟ್ಟಾಕೂ ಆಗಲ್ಲ.”

ಚಪ್ಪಲಿ ಮೆಟ್ಟಿ ನೇರವಾಗಿ ಶಿವಮೂರ್ತಪ್ಪನವರ ಮನೆಗೆ ಹೋದೆ.

ಸೋತವರು ಮನೆಗೆ ಬಂದಾಗ ಗೆದ್ದವರು ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಎಲ್ಲರೂ ಅವರಿಂದ ಕಲಿಯಬೇಕು. “ಬಾರವ್ವ, ಕೂಡ್ರು, ಚಾ ಕುಡಿ,” ಎಂದರು, ಅಷ್ಟೆ. ಪ್ಯಾಕೇಜ್ ಪಾಲಿಸಿ ಮಾಡಿಸಿದರೆ ಅಮ್ಮ ಲೆಕ್ಕಕ್ಕೆ ಬರುತ್ತಾಳೆ ಎಂದರು. ನಾನು ಬದಲಾಗಿದ್ದೆ, ಆದರೆ ಅಷ್ಟೊಂದಲ್ಲ: “ಎಲ್ಲಿ ಬರೆದಿದೆ, ತೋರಿಸಿ.” ಅವರು ಕನ್ನಡಕ ಹಾಕಿಕೊಂಡರು. ಮೂವತ್ತು ವರ್ಷದ ಏಜೆಂಟಿಕೆಯಲ್ಲಿ ಈ ಪ್ರಶ್ನೆ ಕೇಳಿದವಳು ನಾನೇ ಮೊದಲಿಗಳಂತೆ. ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕೂತು, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಾಡಿಸಿದೆವು. ಎರಡು ಪುಟ ಆಗಿತ್ತು, “ಇಲ್ಲೈತೆ!” ಎಂದು ಅವರು ಕೂಗಿದ್ದಕ್ಕೆ ಒಳಗಿನಿಂದ ಅವರ ಹೆಂಡತಿ ಗಾಬರಿಯಾಗಿ ಬಂದರು. ಬರೆದಿತ್ತು: ವಾಹನದಲ್ಲಿ ಕೂತವರೂ ಸೇರುತ್ತಾರೆ. ನಾನು ಹೆಚ್ಚುಕಡಿಮೆ ಕುಣಿದೆ. ಆಗ ಅದರ ಮುಂದಿನ ಕಂಸ ಕಣ್ಣಿಗೆ ಬಿತ್ತು: ಆದರೆ ಅವರನ್ನು ಬಾಡಿಗೆಗಾಗಿ ಅಥವಾ ಪ್ರತಿಫಲಕ್ಕಾಗಿ ಕರೆದೊಯ್ಯುತ್ತಿರಬಾರದು.

ಎದ್ದವಳು ಮತ್ತೆ ಬೆಂಚಿನ ಮೇಲೆ ಕೂತೆ. ಯಾಕೆಂದರೆ ಪ್ರತಿ ಶುಕ್ರವಾರ, ಸೀರೆ ಒಪ್ಪಿಸಿದ ಮೇಲೆ, ಹರಿಹರದಲ್ಲಿ ಅಮ್ಮ ನನಗೆ ಮಂಡಕ್ಕಿ, ಮಿರ್ಚಿ ಕೊಡಿಸುತ್ತಾಳೆ. ಅದೂ ಕರೆದುಕೊಂಡು ಬಂದದ್ದಕ್ಕೆ ಎಂದು ಹೇಳಿಯೇ ಕೊಡಿಸುತ್ತಾಳೆ. ಮಿರ್ಚಿ ಪ್ರತಿಫಲವಲ್ಲದೆ ಮತ್ತೇನು ಎಂದು ಅವರನ್ನೇ ಕೇಳಿದೆ.

ಶಿವಮೂರ್ತಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. “ಮಿರ್ಚಿ ಕೊಡಿಸ್ಲಿಲ್ಲ ಅಂದ್ರೆ ನೀನು ಅವ್ವನ್ನ ಅಲ್ಲೇ ಬಿಟ್ಟು ಬರ್ತೀಯೇನು?”

“ಛೆ, ಇಲ್ಲ.”

“ಹಂಗಾದ್ರೆ ಅದು ಬಾಡಿಗಿ ಅಲ್ಲವ್ವ. ಅದು ಮಿರ್ಚಿ.”

ಎಷ್ಟು ಸ್ವಚ್ಛವಾದ ತರ್ಕ! ಈ ಮನುಷ್ಯನನ್ನು ನಾನು ಪ್ರತಿ ವರ್ಷ ಸೋಲಿಸುತ್ತಿದ್ದೆ ಎಂದುಕೊಂಡಿದ್ದೆ. ಅವರು ಬಹುಶಃ ಚಹಾ ಮುಗಿಯುವವರೆಗೆ ಸುಮ್ಮನಿರುತ್ತಿದ್ದರು.

ಮುಂದಿನ ಎರಡು ದಿನ ನನಗೆ ಹಬ್ಬವೋ ಹಬ್ಬ. ಸ್ವಂತ ಹಾನಿಯ ವಿಮೆ ಇಷ್ಟು ವರ್ಷ ಇರಲಿಲ್ಲವಾದ್ದರಿಂದ ಗಾಡಿಯನ್ನು ಕಂಪನಿಯವರಿಗೆ ತೋರಿಸಬೇಕಿತ್ತು. ಮೊಬೈಲು ಹಿಡಿದು ಸ್ಕೂಟರಿನ ಸುತ್ತ ಪ್ರದಕ್ಷಿಣೆ ಹಾಕಿ ವಿಡಿಯೋ ತೆಗೆದೆ. ಒಂದೊಂದು ಗೀರೂ ಕ್ಯಾಮೆರಾ ಎದುರು ನನ್ನ ಚರಿತ್ರೆ ಒಪ್ಪಿಸಿತು: ಇದು ತರಕಾರಿ ಮಾರ್ಕೆಟ್ಟಿನ ಗೋಡೆ, ಇದು ಕಾಲೇಜಿನ ಗೇಟು, ಇದು ಯಾರೂ ಇಲ್ಲದ ರಸ್ತೆಯಲ್ಲಿ ಸುಮ್ಮನೆ. ಇಷ್ಟು ಗೀರುಗಳ ನಡುವೆಯೂ ನಾನು ಭಾರಿ ಚೆನ್ನಾಗಿ ಗಾಡಿ ಓಡಿಸುತ್ತೇನೆ ಎಂಬ ಭಾವನೆ ಹೇಗೆ ಉಳಿದುಕೊಂಡು ಬಂತೋ! ಸವಕಳಿ ಕಳೆಯದೆ ಪೂರ್ತಿ ಕೊಡುವ ಜೀರೋ ಡೆಪ್ ಬೇಕೇ ಎಂದು ಶಿವಮೂರ್ತಪ್ಪನವರನ್ನು ಕೇಳಿದೆ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗ ಮುರಿದರೆ ಅರ್ಧ ಬೆಲೆಯೇ ಸಿಗುವುದು. “ಇಷ್ಟು ಹಳೇ ಗಾಡಿಗೆ ಯಾರೂ ಕೊಡಲ್ಲವ್ವ, ಅದನ್ನ ಹೊಸ ಗಾಡಿಯೋರಿಗೆ ಬಿಡು,” ಎಂದರು. ಮಾರುವವನೇ ಬೇಡ ಎಂದದ್ದು ನೋಡಿ ನನ್ನ ಭಯದ ವ್ಯಾಪಾರದ ಸಿದ್ಧಾಂತಕ್ಕೆ ಇನ್ನೊಂದು ಏಟು ಬಿತ್ತು. ಒಂದನ್ನು ಮಾತ್ರ ಅವರೇ ಒತ್ತಾಯಿಸಿ ಸೇರಿಸಿದರು: ಹಿಂಬದಿ ಸವಾರರಿಗೆ ವೈಯಕ್ತಿಕ ಅಪಘಾತ ವಿಮೆ. ಹೆಸರು ಬರೆಯಬೇಕಿಲ್ಲ, ಯಾರು ಕೂತರೂ ಆಯಿತು. ಹಾಗಂತ ಸಣ್ಣಪುಟ್ಟ ಗಾಯದ ಆಸ್ಪತ್ರೆ ಖರ್ಚೆಲ್ಲ ಬರುತ್ತದೆಂದು ತಿಳಿಯಬೇಡ, ದೊಡ್ಡ ಏಟಿಗೆ ಮಾತ್ರ ಎಂದು ಅವರೇ ಎಚ್ಚರಿಸಿದರು. ಈಗ ನಾನು ‘ಎಲ್ಲಿ ಬರೆದಿದೆ’ ಎಂದು ಕೇಳಲಿಲ್ಲ. ಕೇಳುವ ಮೊದಲೇ ಅವರು ಬೆರಳಿಟ್ಟು ತೋರಿಸಿದರು.

ಗುರುವಾರ ಸಂಜೆ ಪಾಲಿಸಿ ಮೊಬೈಲಿಗೆ ಬಂತು. ಶುಕ್ರವಾರ ಬೆಳಿಗ್ಗೆ ಸ್ಕೂಟರು ಒರೆಸಿ, ಗೇಟಿನ ಮುಂದೆ ನಿಲ್ಲಿಸಿದೆ. ಅಮ್ಮ ಸೀರೆಯ ಚೀಲ ಹಿಡಿದು ಹೊರಗೆ ಬಂದಳು. ಬಸ್ ಸ್ಟ್ಯಾಂಡಿನ ದಿಕ್ಕಿಗೊಮ್ಮೆ ನೋಡಿದಳು, ನನ್ನ ಕಡೆಗೊಮ್ಮೆ ನೋಡಿದಳು. ನಾನು ಪುಟ ತೆರೆದು ಓದಲು ಗಂಟಲು ಸರಿ ಮಾಡಿಕೊಂಡೆ.

“ಭಾಷಣ ಬ್ಯಾಡ. ಅದೀನೋ ಇಲ್ಲೋ ಅಷ್ಟು ಹೇಳು.”

“ಇದ್ದೀಯ ಅಮ್ಮ.”

ಅವಳು ಚೀಲ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಸೀಟಿನ ಮೇಲೆ ಕೂತಳು. ಈ ಸಲ ಎರಡೂ ಕಾಲು ಒಂದೇ ಕಡೆ ಹಾಕಲಿಲ್ಲ. ಆಚೆಗೊಂದು ಈಚೆಗೊಂದು ಹಾಕಿ ಭದ್ರವಾಗಿ ಕೂತಳು. ಹೊಸ ಹೆಲ್ಮೆಟ್ಟೊಂದನ್ನು ಯಾವಾಗಲೋ ತರಿಸಿಟ್ಟುಕೊಂಡಿದ್ದಳು. ಅದನ್ನು ಹಾಕಿಕೊಂಡು, ಪಟ್ಟಿ ಬಿಗಿದಳು. ಕಾಗದ ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅವಳೂ ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಂತಿತ್ತು.

ಸ್ಪರ್ಧೆಯಲ್ಲಿ ನನ್ನ ಎದುರಿಗೆ ಯಾವಾಗಲೂ ತೀರ್ಪುಗಾರರು, ಎದುರಾಳಿಗಳು, ಸಭಿಕರು. ಎಲ್ಲರೂ ಎದುರಿಗೇ. ಬೆನ್ನ ಹಿಂದೆ ಕೂತವರ ಕಡೆ ತಿರುಗಿ ಮಾತಾಡುವ ಸ್ಪರ್ಧೆಯನ್ನು ಯಾರೂ ಇಟ್ಟಿಲ್ಲ. ಇಟ್ಟಿದ್ದರೆ ನಾನು ಮೊದಲ ಸುತ್ತಿಗೇ ಹೊರಗೆ.

ಹರಿಹರ ಹತ್ತಿರವಾದಂತೆ ಭತ್ತದ ಚೀಲ ಹೇರಿಕೊಂಡು ಮಲೆಬೆನ್ನೂರಿನ ಕಡೆಯ ಟ್ರ್ಯಾಕ್ಟರೊಂದು ನಮ್ಮನ್ನೇ ಹಿಂದೆ ಹಾಕಿತು. ನಾನು ಅಷ್ಟು ನಿಧಾನವಾಗಿ ಹೋಗುತ್ತಿದ್ದೆ. ಅದರ ಹಿಂದಿನ ಟ್ರೇಲರ್ ನೋಡಿದ್ದೇ ನನ್ನೊಳಗೆ ಮತ್ತೆ ಮಿಂಚು! ಟ್ರ್ಯಾಕ್ಟರಿಗೆ ವಿಮೆ ಇದ್ದರೆ ಟ್ರೇಲರಿಗೂ ಆಯಿತು ಎಂದುಕೊಳ್ಳುವವರೇ ಹೆಚ್ಚು. ಅದನ್ನು ಬೇರೆಯಾಗಿ ಸೇರಿಸಬೇಕು ಎಂದು ಬುಧವಾರವಷ್ಟೇ ಓದಿದ್ದೆ. ಈ ಅಣ್ಣನಿಗೆ ಗೊತ್ತಿದೆಯೋ ಇಲ್ಲವೋ! ಕೂಗಿ ನಿಲ್ಲಿಸಿ ಹೇಳಲೇಬೇಕೆಂದು ಕೈಯೆತ್ತಿ ಆ ಕಡೆ ತಿರುಗಿದೆ.

ಭುಜದ ಮೇಲಿದ್ದ ಐದು ಬೆರಳು ಒಮ್ಮೆಲೇ ಬಿಗಿಯಾದವು.

“ಕಾಗದದಾಗೆ ನನ್ನ ಹತ್ತಿಸಿದಿ, ಚಲೋ ಆತು. ಅದನ್ನ ತೆಗೆದು ಓದೋ ಪ್ರಸಂಗ ತರಬ್ಯಾಡ. ಮುಂದೆ ನೋಡಿ ಓಡ್ಸವ್ವ.”