ಜಪದ ಉಳಿದರ್ಧ

ಕೊರೊನಾ ಇಳಿದು ಚರ್ಚಿನ ಬಾಗಿಲು ತೆರೆದ ಮೊದಲ ಭಾನುವಾರ ಅಪ್ಪ ಎಂದಿನಂತೆ ಮಂಡಿಯೂರಿ, ಪರಮಪ್ರಸಾದಕ್ಕೆ ನಾಲಿಗೆ ಚಾಚಿದರು. ಗುರುಗಳು, "ಕೈ ಚಾಚಿ, ಈಗ ಕೈಗೇ ಕೊಡೋದು" ಎಂದರು. ಅದನ್ನು ಕೈಯಲ್ಲಿ ಮುಟ್ಟುವುದೇ ಅಪಚಾರವೆಂದು ನಂಬಿದ್ದ ಅಪ್ಪ ಬಾಯಿ ಮುಚ್ಚಿಕೊಂಡು ಎದ್ದು ಹೋದವರು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಆಮೇಲೆ ಅವರ ಪಾಲಿಗೆ ಚರ್ಚೆಂದರೆ ಕುಟ್ಟದ ಕಡೆಯ ಒಂದು ಎಸ್ಟೇಟಿನ ಗೋಡೌನು. ತಿಂಗಳಿಗೊಮ್ಮೆ ರಾಜ್ಯದ ಗಡಿಯಾಚೆಯಿಂದ ಬೇರೊಬ್ಬ ಗುರು ಬಂದು, ಕಾಫಿ ಮೂಟೆಗಳ ನಡುವೆ, ಜನರಿಗೆ ಬೆನ್ನು ಹಾಕಿ, ಚರ್ಚು ಎಂದೋ ಕೈಬಿಟ್ಟ ಹಳೆಯ ಕ್ರಮದಂತೆ ಲ್ಯಾಟಿನ್ನಿನಲ್ಲಿ ಪೂಜೆ ಮಾಡುತ್ತಿದ್ದರು. ಕನ್ನಡದ ಹೊಸ ಪೂಜೆಗೆ ಹೋಗುವುದೇ ಪಾಪವೆಂದು ಅಪ್ಪನ ತಲೆಗೆ ತುಂಬಿದ್ದು ಅಲ್ಲಿಯೇ. ಅದೇ ಕನ್ನಡ ಪೂಜೆಯಲ್ಲಿ ಅಮ್ಮನಿಗೆ ಉಂಗುರ ತೊಡಿಸಿದವರು ಇವರೇ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಮಾತ್ರ ಜಗಳಕ್ಕೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಜೊತೆ ಚರ್ಚಿಗೆ, ಸಂಜೆ ಅಪ್ಪನ ಜೊತೆ ಮಣಿ ಎಣಿಸುವ ಜಪಸರಕ್ಕೆ. ಜಪಸರದ ಪ್ರಾರ್ಥನೆಯಲ್ಲಿ ಒಬ್ಬರು ಮೊದಲರ್ಧ ಹೇಳಬೇಕು, ಇನ್ನೊಬ್ಬರು ಉಳಿದರ್ಧ. ಅಪ್ಪ "ಆವೆ ಮರಿಯಾ" ಎಂದು ಶುರು ಮಾಡಿದರೆ, ಲ್ಯಾಟಿನ್ನಿನ ಗಂಧಗಾಳಿ ಇಲ್ಲದ ಅಮ್ಮ ಅಕ್ಕಿ ಆರಿಸುತ್ತಲೇ ಉಳಿದದ್ದನ್ನು ಒಪ್ಪಿಸುತ್ತಿದ್ದಳು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

"ನಿನಗ್ಯಾಕಮ್ಮ ಈ ಕರ್ಮ?" ಎಂದರೆ, "ಅಯ್ಯೋ, ಪಾಪ, ಒಬ್ಬರೇ ಹೇಗೆ ಹೇಳ್ತಾರೆ?" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ, ಇನ್ನು ಉಳಿಯುವುದಿಲ್ಲವೆಂದು ತಿಳಿದ ಮೇಲೆ, ಅವಳು ನನ್ನಲ್ಲಿ ಕೇಳಿದ್ದು ಒಂದೇ. "ನನ್ನ ಸಾವಿನ ಪೂಜೆಗೆ ನಿಮ್ಮಪ್ಪನ್ನ ಒಳಗೆ ಕರ್ಕೊಂಡು ಬಾ ಮಗಳೇ. ಪಕ್ಕದಲ್ಲಿ ನಿಂತ್ರೆ ಸಾಕು."

ಅಪ್ಪ ಶವಪೆಟ್ಟಿಗೆಯ ಹಿಂದೆ ಚರ್ಚಿನ ಗೇಟಿನವರೆಗೆ ಬಂದು ಅಲ್ಲೇ ನಿಂತುಬಿಟ್ಟರು.

"ಬನ್ನಿ ಅಪ್ಪ. ಅಮ್ಮ ಕೇಳ್ಕೊಂಡಿದ್ದಾಳೆ."

"ಅದು ಪೂಜೆನೇ ಅಲ್ಲ. ನಾನು ಬರಲ್ಲ."

"ಇವತ್ತೊಂದು ದಿನ! ನಿಮ್ಮ ಕಾಲಿಗೆ ಬೀಳ್ತೀನಿ."

"ನಾಳೆ ನನ್ನ ಆತ್ಮಕ್ಕೆ ನೀನು ಜವಾಬ್ದಾರಿನಾ?"

ಅಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ. ಗುರುಗಳು ಬಹಳ ಹೊತ್ತು ಕಾದರು. ಕೊನೆಗೆ ನಾನೊಬ್ಬಳೇ ಒಳಗೆ ಹೋದೆ. ಅಮ್ಮನ ಪಕ್ಕದ ಜಾಗ ಪೂಜೆ ಮುಗಿಯುವವರೆಗೂ ಖಾಲಿಯೇ ಇತ್ತು.

ಮಣ್ಣು ಮಾಡಿ ಗುರುಗಳೂ ಜನರೂ ಹೊರಟುಹೋದರು. ಆಗ ಅಪ್ಪ ಬಂದರು. ಹಸಿ ಮಣ್ಣಿನ ಮೇಲೆ ಮಂಡಿಯೂರಿ ಜಪಸರ ತೆಗೆದರು. "ಆವೆ ಮರಿಯಾ" ಎಂದು ಮೊದಲರ್ಧ ಹೇಳಿ, ಅಭ್ಯಾಸದಂತೆ ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು ತಲೆಯೆತ್ತಿ ನನ್ನ ಕಡೆ ನೋಡಿದರು.

ಉಳಿದರ್ಧ ನನ್ನ ಬಾಯಲ್ಲೇ ಇತ್ತು. ಅಮ್ಮ ಒಳಗೆ ಕಾದಳಲ್ಲ, ಇವರೂ ಕಾಯಲಿ ಎಂದು ತುಟಿ ಕಚ್ಚಿಕೊಂಡು ನಿಂತೆ.