ಕುರ್ಚಿ ಮಾರದ ಡಾಕ್ಟರು

ಮಸಾಜ್ ಕುರ್ಚಿ ಮಾಡುವ ಜಪಾನಿನ ಕಂಪನಿಯೊಂದಕ್ಕೆ ನನ್ನಂಥ ಗಿರಾಕಿ ಸಿಕ್ಕಿರಲಾರ. ಎರಡು ವರ್ಷ ಪ್ರತಿ ಶನಿವಾರ ಅವರ ಕುರ್ಚಿಯಲ್ಲಿ ಕೂತೆ, ಒಂದನ್ನೂ ಕೊಳ್ಳಲಿಲ್ಲ.

ಪರದೇಶದ ಊರು ಯೂನಿಯನ್‌ವಿಲ್‌ನ ನಮ್ಮ ಮನೆಗೆ ಹತ್ತಿರದ ಮಾಲಿನಲ್ಲಿ ಅವರ ಮಳಿಗೆಯಿತ್ತು. ಹೆಂಡತಿ ಸುಮಿತ್ರ ಅಂಗಡಿ ಸುತ್ತುವಷ್ಟು ಹೊತ್ತು ನಾನು ಅಲ್ಲಿ ಒರಗಿರುತ್ತಿದ್ದೆ. ಕುರ್ಚಿ ಮೊದಲು ನನ್ನ ಬೆನ್ನಿನ ಉದ್ದಗಲ ಅಳೆಯುತ್ತಿತ್ತು, ಆಮೇಲೆ ಒಳಗಿಂದ ಹೆಬ್ಬೆರಳುಗಳಂಥವು ಎದ್ದು ಬರುತ್ತಿದ್ದವು. ದೀಪಾವಳಿಯ ಎಣ್ಣೆಸ್ನಾನದಲ್ಲಿ ನಮ್ಮ ಸೋದರತ್ತೆ ಕೂಡ ಅಷ್ಟು ನಿಷ್ಠೆಯಿಂದ ತಿಕ್ಕಿದವಳಲ್ಲ. ಕನ್ನಡದಲ್ಲಿ ಮೈ ಸವರುವುದಕ್ಕೂ ‘ನೀವು’, ಗೌರವದಿಂದ ಕರೆಯುವುದಕ್ಕೂ ‘ನೀವು’. ಯಂತ್ರಕ್ಕೆ ಮೊದಲನೆಯದು ಬರುತ್ತದೆ. ನನಗೆ ಎರಡನೆಯದಾದರೂ ಬರಬೇಕಿತ್ತು.

ಮೊದಲ ಸಲ ಅದು ಭುಜ ಹಿಂಡಿದಾಗ "ಅಯ್ಯಯ್ಯಪ್ಪಾ!" ಎಂದು ಕೂಗಿಬಿಟ್ಟೆ. ಟೈ ಕಟ್ಟಿದ್ದ ಸೇಲ್ಸ್‌ಮನ್ ಓಡಿಬಂದು, "ಕನ್ನಡದವರೇನ್ರಿ ಸರ?" ಎಂದರು. ಹೆಸರು ಶಿವಾನಂದ. ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷ ಮೂಳೆ ಡಾಕ್ಟರಾಗಿದ್ದವರು, ಇಲ್ಲಿ ಡಾಕ್ಟರಿಕೆಯ ಲೈಸೆನ್ಸಿನ ಬಾಗಿಲು ತೆರೆಯದೆ ಕುರ್ಚಿ ಮಾರುತ್ತಿದ್ದರು. ಎದೆಯ ಮೇಲಿನ ಬಿಲ್ಲೆ ಅವರನ್ನು ‘ಶಿವ್’ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ, ನನಗಿಂತ ಹಿರಿಯರೆಂದು ಗೊತ್ತಿದ್ದೂ.

ಕೊನೆಗೊಂದು ಶನಿವಾರ ಸುಮಿತ್ರಳನ್ನೂ ಕರೆದುಕೊಂಡು ಕುರ್ಚಿ ಕೊಳ್ಳಲೆಂದೇ ಹೋದೆ. ಎಡಗೈ ಪದೇ ಪದೇ ಜೋಮು ಹಿಡಿಯುತ್ತಿತ್ತು, ಮನೆಯಲ್ಲೇ ಒಂದಿದ್ದರೆ ಸರಿಹೋದೀತೆಂದೆ. ಶಿವಾನಂದರ ಮುಖ ಬದಲಾಯಿತು. ನನ್ನ ಕೈ ಎತ್ತಿಸಿದರು, ತಮ್ಮ ಬೆರಳು ಹಿಡಿಸಿ ಒತ್ತಿಸಿದರು, ಕತ್ತು ತಿರುಗಿಸಿ ನೋಡಿದರು.

"ಈ ಕುರ್ಚಿ ನಿಮಗ ಬ್ಯಾಡ್ರೀ ಸರ. ಕುತ್ತಿಗ್ಯಾಗ ನರ ಸಿಕ್ಕೊಂಡಂಗ ಅನಸ್ತದ. ಮದಲ ಸ್ಕ್ಯಾನ್ ಮಾಡಸ್ರಿ."

ಪಕ್ಕದಲ್ಲಿದ್ದ ಮ್ಯಾನೇಜರಿಗೆ ಕನ್ನಡ ಬಾರದಿದ್ದರೂ ವ್ಯಾಪಾರ ಕೈತಪ್ಪಿದ್ದು ಅರ್ಥವಾಯಿತು. ನನಗೆ ಅರ್ಥವಾಗಲಿಲ್ಲ. ಕುರ್ಚಿ ಮಾರುವವನು ನನಗೇನು ಹೇಳುವುದು ಎಂದು ಮುನಿಸಿಕೊಂಡು ಬಂದೆ.

ಮುಂದಿನ ಯುಗಾದಿಗೆ ಹತ್ತಿರದ ಸ್ಕಾರ್‌ಬರೋದ ಸಭಾಂಗಣವೊಂದರಲ್ಲಿ ಕನ್ನಡಿಗರ ಊಟ. ಶಿವಾನಂದರೂ ಹೆಂಡತಿಯೊಡನೆ ಬಂದು ಎದುರಿಗೇ ಕೂತಿದ್ದರು. ನನ್ನ ಪಂಕ್ತಿಯಲ್ಲಿ ಇಲ್ಲೇ ಪ್ರಾಕ್ಟೀಸ್ ಮಾಡಿ ನಿವೃತ್ತರಾದ ಇಬ್ಬರು ಡಾಕ್ಟರುಗಳು. ನಗಿಸುವ ಚಪಲ ನನ್ನದು.

"ಇವರೂ ಡಾಕ್ಟ್ರೇ ಸರ್," ಎಂದೆ, ಶಿವಾನಂದರತ್ತ ಕೈ ತೋರಿಸಿ. "ಕುರ್ಚಿ ಕೇಳಿದ್ರೆ ಸ್ಕ್ಯಾನ್ ಬರ್ಕೊಡ್ತಾರೆ!"

ಎಲ್ಲರೂ ನಕ್ಕರು. ಶಿವಾನಂದರೂ ನಕ್ಕರು. ಅವರ ಹೆಂಡತಿ ಮಾತ್ರ ತಟ್ಟೆಯ ಹೋಳಿಗೆಯನ್ನೇ ನೋಡುತ್ತಾ ಕೂತರು. ಕಾರಿನಲ್ಲಿ ಸುಮಿತ್ರ, "ಆಯಮ್ಮನ ಮುಖ ನೋಡಿದ್ರಾ?" ಎಂದಳು. ನಾನು ರೇಡಿಯೊ ಹಾಕಿದೆ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಾಫಿಯ ಲೋಟ ನನ್ನ ಎಡಗೈಯಿಂದ ತಾನಾಗಿ ಜಾರಿತು. ಸ್ಕ್ಯಾನ್, ಕುತ್ತಿಗೆಯ ಆಪರೇಷನ್ ಎಲ್ಲ ಆಯಿತು. ಸರ್ಜನ್ ಹೆಂಗಸು, "ಇನ್ನೂ ಮೊದಲೇ ಬಂದಿದ್ದರೆ ಚೆನ್ನಾಗಿತ್ತು. ಯಾರೂ ಹೇಳಲಿಲ್ಲವೇ?" ಎಂದು ಕೇಳಿದರು.

"ಒಬ್ಬ ಡಾಕ್ಟರು ಹೇಳಿದ್ದರು," ಎಂದೆ. ಅವರನ್ನು ನಾನು ಹಾಗೆಂದು ನಗೆಯಿಲ್ಲದೆ ಕರೆದದ್ದು ಅದೇ ಮೊದಲು. ಅದೂ ಅವರ ಬೆನ್ನ ಹಿಂದೆ.

ಕತ್ತಿನ ಪಟ್ಟಿ ಬಿಚ್ಚಿದ ವಾರವೇ ಮಾಲಿಗೆ ಹೋದೆ. ಶಿವಾನಂದರ ಜಾಗದಲ್ಲಿ ಬೇರೊಬ್ಬಳಿದ್ದಳು. ಯುಗಾದಿ ಕಳೆದ ಸ್ವಲ್ಪ ದಿನಕ್ಕೇ ಅವರು ಕೆಲಸ ಬಿಟ್ಟಿದ್ದರಂತೆ. ನನ್ನ ಮಾತಿಗೋ, ಬೇರೆ ಕಾರಣಕ್ಕೋ, ಯಾರನ್ನು ಕೇಳಲಿ? ಅಲ್ಲಿ ಇಲ್ಲಿ ವಿಚಾರಿಸಿ ನಂಬರು ಹಿಡಿದೆ. ದೂರದ ವಿನಿಪೆಗ್‌ನಲ್ಲಿದ್ದರು, ಕ್ಲಿನಿಕ್ಕೊಂದರಲ್ಲಿ ಸಹಾಯಕರಾಗಿ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡು ಫೋನ್ ಮಾಡಿದೆ.

"ಡಾಕ್ಟ್ರೇ, ಅವತ್ತು ಊಟದಲ್ಲಿ ನಾನು…"

"ಕೈ ಹ್ಯಾಂಗದ್ರಿ ಸರ?"

ಆಪರೇಷನ್ ವಿಷಯ ಹೇಳಿ, ಪೂರ್ತಿ ವಾಸಿಯಾಗಿದೆ ಎಂದೆ.

"ಸುಳ್ಳ ಹೇಳಬ್ಯಾಡ್ರಿ. ಯಾವ ಬಟ್ಟು ಇನ್ನೂ ಜೋಮು ಅದಾವ?"

ಕಿರುಬೆರಳು, ಅದರ ಪಕ್ಕದ್ದು ಎಂದೆ. ಪೆನ್ನು ತಗೊಳ್ರಿ ಎಂದರು. ದಿನಾ ಮಾಡಬೇಕಾದ ವ್ಯಾಯಾಮಗಳನ್ನು ನಿಧಾನವಾಗಿ ಹೇಳಿ ಬರೆಸಿದರು, ನನ್ನಿಂದ ಓದಿಸಿ ತಿದ್ದಿದರು. ಅಷ್ಟರಲ್ಲಿ ಅವರನ್ನು ಯಾರೋ ಕರೆದರು. "ಬಿಡದ ಮಾಡ್ರಿ ಮತ್ತ" ಎಂದು ಫೋನ್ ಇಟ್ಟರು.

ವ್ಯಾಯಾಮವನ್ನು ಬಿಡದೆ ಮಾಡುತ್ತಿದ್ದೇನೆ. ಬೆರಳು ಮೊದಲಿಗಿಂತ ವಾಸಿ. ತಪ್ಪಾಯಿತು ಅನ್ನುವುದು ಎರಡು ಉಸಿರಿನ ಮಾತು. ಅದನ್ನು ಹೇಳಲು ಅವರಿಗೆ ಮತ್ತೆ ಫೋನ್ ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮಾಡಿದರೆ ಮತ್ತೆ ಬೆರಳನ್ನೇ ವಿಚಾರಿಸುತ್ತಾರೆ ಅನ್ನುವುದು ನನ್ನ ಹೆದರಿಕೆ.